ತಿರುಗಿ ಹೋದ ಡಬ್ಬಿಗಳು

ಆ ಯುಗಾದಿಯ ದಿನ ನ್ಯಾಮತಿಯಲ್ಲಿ ಅತಿ ಹೆಚ್ಚು ಹೋಳಿಗೆ ಇರುವ ಮನೆ ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ಅಕ್ಕನ ಮನೆ ತೋರಿಸುತ್ತಿದ್ದೆ. ಅದು ಹಬ್ಬವೇ ಇಲ್ಲದ ಮನೆ. ಭಾವ ತೀರಿಕೊಂಡು ಐದು ತಿಂಗಳಾಗಿತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಅಡುಗೆ ಮಾಡುವಂತಿಲ್ಲ. ಹೋಳಿಗೆ ತಟ್ಟುವಂತಿಲ್ಲ, ಎಣ್ಣೆಯ ಬಾಣಲೆ ಒಲೆಗೆ ಏರುವಂತಿಲ್ಲ. ಹಾಗೆಂದು ಆ ಮನೆಯವರು ಹಬ್ಬದ ದಿನ ಬರೀ ಅನ್ನ ಸಾರು ಉಂಡು ಕೂರಬಾರದು ಎಂಬ ಕನಿಕರವೂ ಇದೆ. ಅದಕ್ಕೇ ಬೀದಿಯವರು, ನೆಂಟರು ತಾವು ಮಾಡಿದ್ದರಲ್ಲೇ ಒಂದಿಷ್ಟನ್ನು ಡಬ್ಬಿಗೆ ತುಂಬಿ ತಂದುಕೊಡುತ್ತಾರೆ. ಎಲ್ಲರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಕನಿಕರ ಹುಟ್ಟುವುದರಿಂದ ಆಗುವ ಫಜೀತಿಯನ್ನು ಮಾತ್ರ ಯಾರೂ ಯೋಚಿಸಿದ ಹಾಗಿಲ್ಲ.

ನಾನೂ ಯೋಚಿಸಿರಲಿಲ್ಲ. ಹೊನ್ನಾಳಿಯಿಂದ ಬೆಳಗಿನ ಬಸ್ಸಿಗೆ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಹಿಡಿದು ಹೋಗಿ ನೋಡಿದರೆ ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲೆ ಆಗಲೇ ನಾಲ್ಕು ಡಬ್ಬಿಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ನನ್ನದೂ ಸೇರಿ ಎಂಟಾದವು. ಎಲ್ಲದರಲ್ಲೂ ಹೋಳಿಗೆ, ಹೋಳಿಗೆ ಸಾರು, ಕೋಸಂಬರಿ, ಅನ್ನ, ಒಂದಲ್ಲ ಒಂದು ಪಲ್ಯ. ಐವತ್ತಕ್ಕೂ ಮೇಲೆ ಹೋಳಿಗೆ, ಉಣ್ಣುವವಳು ಒಬ್ಬಳು. ನಾನು ಇದ್ದೆನಾದರೂ ನನಗೆ ಸಕ್ಕರೆ ಕಾಯಿಲೆ. ಆ ದಿನ ನಾನು ತಿಂದದ್ದು ಒಂದೂವರೆ. ಅಕ್ಕ ಅರ್ಧ ಮುರಿದು ತಟ್ಟೆಯ ಅಂಚಿಗೆ ಸರಿಸಿ, ಉಳಿದರ್ಧವನ್ನು ಸಾರಿನ ಅನ್ನದ ಜೊತೆ ನುಂಗಿದಳು.

ನಿಜ ಹೇಳಬೇಕೆಂದರೆ ಹೋಳಿಗೆ ನನಗೊಂದು ನೆಪ. ಭಾವ ಹೋದ ಮೇಲೆ ಅಕ್ಕ ಬೀದಿಗೆ ಕಾಲಿಟ್ಟಿರಲಿಲ್ಲ. ಅವರಿಗೆ ಮಕ್ಕಳಿಲ್ಲ. ಬಸ್ ನಿಲ್ದಾಣದ ಹತ್ತಿರ ಭಾವನ ಟೈಲರ್ ಅಂಗಡಿ ಇತ್ತು. ಅದರ ಬೀಗದ ಕೈ ದೇವರ ಗೂಡಿನಲ್ಲಿ ಬಿದ್ದಿತ್ತು. ಫೋನ್ ಮಾಡಿ ಊಟ ಆಯ್ತಾ ಎಂದರೆ "ಆಯ್ತು ಕಣೆ" ಎನ್ನುತ್ತಿದ್ದಳು. ಆ ದನಿಯಲ್ಲೇ ಸುಳ್ಳು ಗೊತ್ತಾಗುತ್ತಿತ್ತು. ಯುಗಾದಿ ಕಳೆದ ಮುಂದಿನ ಶುಕ್ರವಾರ ನನ್ನ ಮಗಳ ನಿಶ್ಚಿತಾರ್ಥ. ಹುಡುಗ ಚನ್ನಗಿರಿಯವನು. ನಾನು ಆಫೀಸಿಗೆ ಹೋಗಿ ದುಡಿಯುವಾಗ ನನ್ನ ಮಗಳು ನಡೆಯಲು ಕಲಿತದ್ದು, ಮಾತು ಕಲಿತದ್ದು ಅಕ್ಕನ ಮನೆಯಲ್ಲಿ. ಅಕ್ಕ ಮುಂದೆ ನಿಲ್ಲದೆ ನಿಶ್ಚಿತಾರ್ಥವೇ ಇಲ್ಲ ಎಂದು ನಾನು ಮನೆಯವರೆಲ್ಲರ ಎದುರು ಹೇಳಿಬಿಟ್ಟಿದ್ದೆ. ಆದರೆ ಅಕ್ಕ, "ನಾನು ಬಂದ್ರೆ ಯಾರು ಏನಂತಾರೋ ಏನೋ" ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಅವಳನ್ನು ಹೇಗಾದರೂ ಎಬ್ಬಿಸಿ ನಾಲ್ಕು ಜನರ ನಡುವೆ ತಂದು ನಿಲ್ಲಿಸಬೇಕು ಎಂಬ ಹಟ ಕಟ್ಟಿಕೊಂಡೇ ನಾನು ಹೋಗಿದ್ದು.

ಸಂಜೆ ಪಾತ್ರೆಗಳ ಮುಚ್ಚಳ ತೆಗೆದು ನೋಡಿದೆ. ಯುಗಾದಿಯ ಸೆಕೆಯಲ್ಲಿ ಹೂರಣ ಎಷ್ಟು ಹೊತ್ತು ತಡೆದೀತು? ಅಕ್ಕನ ಫ್ರಿಜ್ಜು ಸಣ್ಣದು. "ಇಷ್ಟೊಂದು ಇಟ್ಕೊಂಡು ಏನು ಮಾಡ್ತೀಯ ಅಕ್ಕ? ನಾಳೆ ಬೆಳಿಗ್ಗೆ ಚೆಲ್ಲಿಬಿಡಾಣ" ಎಂದೆ.

"ಚೆಲ್ಲಾದಾ?" ಎಂದಳು. ಐದು ತಿಂಗಳಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. "ಅನ್ನ ಚೆಲ್ಲಾದು ಎಲ್ಲಿ ಕಲ್ತೆ ನೀನು? ಅವ್ವ ಇದ್ದಿದ್ರೆ ಸೌಟು ತಗೊಂಡು ಬರೋಳು."

ಅದು ನಿಜ. ನಾವು ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅಲ್ಲಿ ಅವ್ವ ಹಬ್ಬದ ಅಡುಗೆಗಿಂತ ಹಬ್ಬದ ಮಾರನೆಯ ದಿನದ ಅಡುಗೆಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದಳು. ಸಾರಿನ ತಳದ ಗಸಿಯನ್ನು ಜೋಳದ ಹಿಟ್ಟಿಗೆ ಕಲಸಿ ರೊಟ್ಟಿ ಬಡಿಯುತ್ತಿದ್ದಳು. ಮೆತ್ತಗಾದ ಹಪ್ಪಳವನ್ನು ಬಿಸಿಲಿಗೆ ಹಾಕಿ, ಪುಡಿ ಮಾಡಿ, ಮಂಡಕ್ಕಿಗೆ ಬೆರೆಸುತ್ತಿದ್ದಳು. ಆ ವಿದ್ಯೆಯೆಲ್ಲ ಅಕ್ಕನಿಗೆ ಬಂತು. ನನಗೆ ಬಂದದ್ದು ಎರಡು ಬಾಗಿಲಿನ ಫ್ರಿಜ್ಜು. ಉಳಿದದ್ದನ್ನೆಲ್ಲ ಅದರಲ್ಲಿ ಮೂರು ದಿನ ಜೋಪಾನ ಮಾಡಿ, ನಾಲ್ಕನೆಯ ದಿನ ನೆಮ್ಮದಿಯಿಂದ ಕಸಕ್ಕೆ ಹಾಕುತ್ತೇನೆ.

ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಡಬ್ಬಿ ಮೂಸಿ ನೋಡತೊಡಗಿದಳು. ಇದು ಬೆಳಗಿನವರೆಗೆ ತಡೀತೈತೆ, ಇದು ತಡೆಯಲ್ಲ, ಈ ಸಾರಿಗೆ ಈಗಲೇ ಒಂದು ಕುದಿ ಬರಬೇಕು. ಎಲ್ಲರ ಮನೆಯ ಸಾರನ್ನೂ ಒಂದೇ ಪಾತ್ರೆಗೆ ಸುರಿದಳು. "ಎಂಟು ಮನೆ ಸಾರು ಒಂದರಾಗೆ ಕೂಡ್ತು ನೋಡು. ಒಬ್ಬರಿಗೊಬ್ಬರು ಮಾತಾಡದೆ ಇರೋರೂ ಇದರಾಗೆ ಸೇರ್ಕೊಂಡಾರೆ" ಎಂದು ನಕ್ಕಳು. ನಾನು ಕಣ್ಣು ತುಂಬಿಕೊಂಡು ಆಚೆ ತಿರುಗಿದೆ. ನಗಲಿ ಎಂದು ನಾನು ಪಟ್ಟ ಪಾಡೆಲ್ಲ ವ್ಯರ್ಥವಾಗಿ, ಕೊನೆಗೆ ತಂಗಳ ಸಾರು ಆ ಕೆಲಸ ಮಾಡಿತ್ತು.

ಮಾರನೆಯ ದಿನ ನಾನು ಏಳುವಷ್ಟರಲ್ಲಿ ಅವಳು ಸ್ನಾನ ಮುಗಿಸಿ ಅನ್ನ ಕಿವುಚುತ್ತಿದ್ದಳು. ಉಳಿದ ಅನ್ನಕ್ಕೆ ಉಪ್ಪು, ಜೀರಿಗೆ, ಜಜ್ಜಿದ ಹಸಿಮೆಣಸಿನಕಾಯಿ ಹಾಕಿ ಸಂಡಿಗೆ ಇಡುವುದು. ಸಂಡಿಗೆ ಇಡಲು ತೆಳ್ಳನೆಯ ಹಳೆ ಬಟ್ಟೆ ಬೇಕು. ಅಕ್ಕ ಒಳಗೆ ಹೋಗಿ, ಒಗೆದು ಮಡಚಿಟ್ಟಿದ್ದ ಭಾವನ ಬಿಳಿ ಪಂಚೆ ತಂದಳು. ಅದನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತು, "ಇಷ್ಟು ಅಗಲದ್ದು ಬೇರೆ ಬಟ್ಟೆ ಇಲ್ಲ" ಎಂದಳು. ಇಬ್ಬರೂ ಮಹಡಿ ಹತ್ತಿ ಪಂಚೆಯನ್ನು ನೀರಲ್ಲಿ ಹಿಂಡಿ ಹಾಸಿದೆವು. ಅವಳು ಬೆರಳ ತುದಿಯಿಂದ ಒಂದೊಂದೇ ಸಂಡಿಗೆ ಇಡುತ್ತ ಸಾಲು ಹಿಡಿದು ಹೋದಳು. ಪಂಚೆಯ ಅಂಚು ಬಂದಾಗ ಮಾತ್ರ ಅವಳ ಕೈ ನಿಧಾನವಾಯಿತು. ಅಂಚಿನ ಒಂದು ಮೂಲೆಯಲ್ಲಿ ಭಾವ ತಾವೇ ಹಾಕಿಕೊಂಡಿದ್ದ ಸಣ್ಣ ತೇಪೆ ಇತ್ತು.

"ಹಬ್ಬದ ದಿನ ಎರಡು ಹೋಳಿಗೆ ತಿನ್ನೋರು. ಮಾರನೆ ದಿನ ನಾಕು" ಎಂದಳು. "ತಂಗಳ ಹೋಳಿಗೆನೇ ರುಚಿ ಅನ್ನೋರು. ನಿಮ್ಮಕ್ಕ ನನ್ನ ಮುಂಚೆ ಹೋದ್ರೆ ಹಬ್ಬ ಬರ್ತದೆ, ಮಾರನೆ ದಿನ ಬರಲ್ಲ ಅಂತ ನಿನ್ನ ಮುಂದೆನೂ ಅಂದಿದ್ರಲ್ಲ." ಅಂದಿದ್ದರು. ಆಗ ನಾವೆಲ್ಲ ನಕ್ಕಿದ್ದೆವು. ಅಕ್ಕ ಆ ಸಂಡಿಗೆಗಳ ಮುಂದೆ ಕೂತು ಅತ್ತಳು, ನಾನೂ ಅತ್ತೆ. ಬಿಸಿಲು ಏರಿತೆಂದು ಇಬ್ಬರೂ ಕೆಳಗಿಳಿದೆವು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕೋಸಂಬರಿಯ ಸೌತೆಕಾಯಿ ಹಿಂಡಿ ತೆಗೆದು, ಉಳಿದ ಹೆಸರುಬೇಳೆಗೆ ರಾತ್ರಿಯೇ ನೆನೆಹಾಕಿದ್ದ ತೊಗರಿಬೇಳೆ ಸೇರಿಸಿ ತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಕಲಸಿ ನುಚ್ಚಿನುಂಡೆಗೆ ಇಟ್ಟಳು. ಹಬೆಯಲ್ಲಿ ಬೇಯುವುದಕ್ಕೆ ಎಣ್ಣೆ ಬೇಕಿಲ್ಲ, ಬಾಣಲೆಯ ತಕರಾರು ಇಲ್ಲ. ಇನ್ನೊಂದು ಒಲೆಯಲ್ಲಿ ಹಂಚು ಇಟ್ಟು ಸಣ್ಣ ಉರಿಯಲ್ಲಿ ಹೋಳಿಗೆಗಳನ್ನು ಗರಿಗರಿಯಾಗುವವರೆಗೆ ಕಾಯಿಸಿ, ಮುರಿದು, ಪುಡಿ ಮಾಡಿ ಪರಾತದಲ್ಲಿ ಹರವಿದಳು. ಅದೇನು ಎಂದು ಕೇಳಿದರೆ "ಬಿಸಿ ಐತೆ, ಆರ್ಲಿ ತಡಿ" ಎಂದಳು. ಮನೆಯೆಲ್ಲ ಬೆಲ್ಲ, ಏಲಕ್ಕಿ, ಸಬ್ಬಸಿಗೆಯ ವಾಸನೆ. ಬೇರೆಯವರ ಮನೆಯಲ್ಲಿ ಹಬ್ಬ ಮುಗಿದ ದಿನ ಈ ಮನೆಯಲ್ಲಿ ಶುರುವಾದಂತಿತ್ತು.

ಮೂರು ಗಂಟೆಯ ಹೊತ್ತಿಗೆ ಬೀದಿಯ ಏಳು ಡಬ್ಬಿಗಳನ್ನೂ ತೊಳೆದು ಬೋರಲು ಹಾಕಿ ಆಗಿತ್ತು. ಅಕ್ಕ ಅವುಗಳ ಮುಂದೆ ನಿಂತಿದ್ದಳು. ಬೇರೆ ದಿನಗಳಲ್ಲಿ ನಮ್ಮಲ್ಲಿ ಯಾರೂ ಬಂದ ಡಬ್ಬಿಯನ್ನು ಬರಿದಾಗಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ವರ್ಷ ತುಂಬದ ಮನೆಯಿಂದ ಮಾತ್ರ ಡಬ್ಬಿ ಬರಿದಾಗಿಯೇ ಹೋಗಬೇಕು. ಅಲ್ಲಿಂದ ಯಾರೂ ಏನನ್ನೂ ತರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

"ಇಷ್ಟು ನುಚ್ಚಿನುಂಡೆ ನಾವಿಬ್ಬರೇ ತಿನ್ನಾಕೆ ಆಗ್ತದಾ?" ಎಂದಳು ಅಕ್ಕ, ನನ್ನ ಮುಖ ನೋಡದೆ.

ನನಗೆ ಅಷ್ಟೇ ಬೇಕಿತ್ತು. "ತುಂಬು, ನಾನೇ ಕೊಟ್ಟು ಬರ್ತೀನಿ" ಎಂದೆ.

"ಬ್ಯಾಡ ಕಣೆ. ಬೇಜಾರು ಮಾಡ್ಕೊಂತಾರೆ."

"ಯಾವ ಕಾಲದಾಗೆ ಇದೀಯ ಅಕ್ಕ? ಅವರು ಕೊಟ್ಟಿದ್ದನ್ನೇ ಅವರಿಗೆ ಕೊಡಾದು. ಹಬ್ಬ ನಿನ್ನೆಗೇ ಮುಗೀತು, ಇದು ತಂಗಳು. ತಂಗಳಿಗೆ ಎಂಥ ಸೂತಕ?" ಎಂದು ಭಾಷಣ ಬಿಗಿದೆ. ನಮ್ಮಂಥ ಓದಿದವರೇ ಇದನ್ನೆಲ್ಲ ಮುರಿಯದಿದ್ದರೆ ಇನ್ಯಾರು ಮುರಿಯುತ್ತಾರೆ ಎಂದೂ ಸೇರಿಸಿದೆ. ಓದಿದ್ದು ನಾನು, ಆ ಬೀದಿಯಲ್ಲಿ ಬಾಳಬೇಕಾದವಳು ಅಕ್ಕ ಎಂಬುದು ನನಗೆ ಹೊಳೆಯಲಿಲ್ಲ.

ಅಕ್ಕ ಬಹಳ ಹೊತ್ತು ಯೋಚಿಸಲಿಲ್ಲ. ಅದೇ ನನ್ನನ್ನು ಇವತ್ತಿಗೂ ಹಿಂಡುತ್ತದೆ. ಯಾರಾದರೂ ಹೀಗೆ ಹೇಳಲಿ ಎಂದೇ ಅವಳು ಕಾಯುತ್ತಿದ್ದಳು. ಸರಸರನೆ ಪ್ರತಿ ಡಬ್ಬಿಗೂ ಐದೈದು ನುಚ್ಚಿನುಂಡೆ ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು, ಮುಚ್ಚಳ ಒತ್ತಿದಳು. ಸಂಜೆ ಚಂದ್ರನನ್ನು ನೋಡಲು ಎಲ್ಲರೂ ಬೀದಿಗೆ ಬರುವ ಮುಂಚೆ ಕೊಟ್ಟುಬಿಡು, ತಿಂದಾದರೂ ಬಂದಾರು ಎಂದಳು. "ಮೂಲೆ ಮನೆಯೋರಿಗೆ ಖಾರ ಆಗಲ್ಲ, ಅವರದಕ್ಕೆ ಕಮ್ಮಿ ಖಾರದ್ದು ಹಾಕೀನಿ, ಕೆಂಪು ಮುಚ್ಚಳದ್ದು. ಅದಲು ಬದಲು ಮಾಡಬ್ಯಾಡ."

ಏಳು ಮನೆಗೂ ಹೋದೆ. ಏಳು ಮನೆಯವರೂ ನಗುತ್ತಲೇ ತೆಗೆದುಕೊಂಡರು. "ಅಯ್ಯೋ, ಇದೆಲ್ಲ ಯಾಕೆ ಮಾಡಾಕೆ ಹೋದ್ರು" ಎಂದರು ಒಬ್ಬರು. "ಅಕ್ಕಾರು ಈಗ ಹೆಂಗಿದಾರೆ?" ಎಂದರು ಇನ್ನೊಬ್ಬರು. ಒಂದು ಮನೆಯಾಕೆ ಡಬ್ಬಿಯನ್ನು ಒಳಗೊಯ್ಯದೆ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೇ ಇಟ್ಟು ಮಾತಾಡಿಸಿದಳು. ನೋಡಿದೆ. ನೋಡಿಯೂ ಕೈ ಒದ್ದೆ ಇರಬೇಕು ಎಂದುಕೊಂಡೆ. ಬಂದು ಅಕ್ಕನಿಗೆ, "ಎಲ್ಲರಿಗೂ ಬಾಳ ಖುಷಿ ಆಯ್ತು" ಎಂದೆ.

ಅಷ್ಟರಲ್ಲಿ ಅವಳು ನನ್ನ ಸ್ಟೀಲ್ ಡಬ್ಬಿಯನ್ನೂ ತುಂಬಿ, ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಗಂಟು ಹಾಕಿ ಇಟ್ಟಿದ್ದಳು. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು, ಒಂದು ತಿಳಿ ನೀಲಿ ಸೀರೆ ಉಟ್ಟಿದ್ದಳು. ನನ್ನನ್ನು ಬಸ್ಸಿಗೆ ಬಿಡಲು ಬೀದಿ ತಿರುವಿನವರೆಗೂ ಬಂದಳು. ಐದು ತಿಂಗಳ ಮೇಲೆ. ಭಾವನ ಅಂಗಡಿಯ ಕಡೆಗೆ ಮಾತ್ರ ನೋಡಲಿಲ್ಲ. "ಶುಕ್ರವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಬರ್ತೀನಿ. ಹುಡುಗಿಗೆ ತಲೆ ನಾನೇ ಬಾಚ್ತೀನಿ ಅಂತ ಹೇಳು" ಎಂದಳು. ಗೆದ್ದೆ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಬಸ್ಸು ಹೊನ್ನಾಳಿ ಸಮೀಪಿಸುವಾಗ ಫೋನು ಬಂತು. ಚನ್ನಗಿರಿಯಿಂದ, ಹುಡುಗನ ತಾಯಿ. ಎಲ್ಲಿದ್ದೀರಿ ಎಂದರು. ಅಕ್ಕನ ಮನೆಗೆ ಹೋಗಿದ್ದೆ ಎಂದೆ.

"ಓ, ಅಲ್ಲಿಗಾ?" ಎಂದರು. "ಅವರದಿನ್ನೂ ವರ್ಷ ಆಗಿಲ್ಲ ಅಲ್ವೇನ್ರಿ? ನಾವೇನೂ ಅಂಥಾವೆಲ್ಲ ನೋಡಲ್ಲ ರೀ. ನಮ್ಮ ಅತ್ತೆಯೋರು ಹಳೇ ಕಾಲದೋರು, ಅವರು ಕೇಳ್ತಾರೆ. ಅಲ್ಲಿಂದ ಮನೆಗೆ ತಿನ್ನಾದು ಗಿನ್ನಾದು ಏನೂ ತಂದಿಲ್ಲ ತಾನೆ? ಶುಭಕಾರ್ಯ ಇಟ್ಕೊಂಡು..."

ಡಬ್ಬಿ ನನ್ನ ತೊಡೆಯ ಮೇಲಿತ್ತು. ಅದರ ಬಿಸಿ ಇನ್ನೂ ಆರಿರಲಿಲ್ಲ.

"ಇಲ್ಲ ರೀ, ಏನೂ ತಂದಿಲ್ಲ" ಎಂದೆ.

ಆ ಮಾತು ಹೇಳಿದ ಮೇಲೆ ಉಳಿದ ಹತ್ತು ನಿಮಿಷ ನಾನು ಏನು ಯೋಚಿಸಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಬೀಗಿತ್ತಿಗೆ ಗೊತ್ತಾಗುತ್ತದೆ ಎಂಬ ಭಯವಾಗಿದ್ದರೆ ಡಬ್ಬಿಯನ್ನು ಅಡುಗೆಮನೆಯಲ್ಲಿ ಅಡಗಿಸಿಡಬಹುದಿತ್ತು. ನನ್ನ ಭಯ ಬೇರೆ. ಇಷ್ಟು ವರ್ಷಕ್ಕೆ ಕೂಡಿಬಂದಿರುವ ಸಂಬಂಧ. ಮುಂದೆ ಮಗಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ನನಗೆ ಈ ಡಬ್ಬಿಯೇ ನೆನಪಿಗೆ ಬರುತ್ತದಲ್ಲ ಎಂದುಕೊಂಡೆ. ಮಧ್ಯಾಹ್ನ ಭಾಷಣ ಬಿಗಿದ ಬಾಯಿ ಸಂಜೆಗೆ ಒಣಗಿತ್ತು. ಹೊನ್ನಾಳಿ ಬಂತು. ನಾನು ಇಳಿದೆ, ಡಬ್ಬಿ ಸೀಟಿನ ಮೇಲೇ ಉಳಿಯಿತು. ಬಸ್ಸು ಹರಿಹರದ ಕಡೆ ಹೋಯಿತು. ಮರೆತೆ ಎಂದು ಹೇಳಿಕೊಳ್ಳಬಹುದು. ಆದರೆ ಮರೆತಿರಲಿಲ್ಲ.

ಮಾರನೆಯ ಬೆಳಿಗ್ಗೆ ಏಳೂವರೆಗೆ ಅಕ್ಕನ ಫೋನು ಬಂತು. ನಾನು ಆಫೀಸಿಗೆ ಡಬ್ಬಿ ಕಟ್ಟುತ್ತಿದ್ದೆ.

"ಕಸದ ಗಾಡಿ ಬಂದಿತ್ತು ಕಣೆ" ಎಂದಳು. "ದಿನಾ ಪಕ್ಕದ ಮನೆಯಾಕೆ ನಂದೂ ಹಾಕಿಬಿಡೋಳು. ಇವತ್ತು ನಾನೇ ಹೋಗಾಣ ಅಂತ ಹೋದೆ." ಏನಾಯ್ತಕ್ಕ ಎಂದೆ.

"ಎಲ್ಲಾ ಅದರಾಗೇ ಬಿದ್ದಿದ್ವು. ಒಂದೂ ಮುರಿದಿರಲಿಲ್ಲ. ಖಾರ ಕಮ್ಮಿ ಹಾಕಿದ್ದೂ ಇದ್ವು, ಬಣ್ಣದಾಗೆ ಗೊತ್ತಾಗ್ತದಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅವರು ಮನುಷ್ಯರಾ, ಅಕ್ಕ ಕಷ್ಟಪಟ್ಟು ಮಾಡಿದ್ದನ್ನು ಹೀಗೆ ಮಾಡಿದರಲ್ಲ, ನಾನೇ ಬಂದು ಒಬ್ಬೊಬ್ಬರನ್ನೂ ಕೇಳುತ್ತೇನೆ ಎಂದು ಕೂಗಾಡಿದೆ. ಹಿಂದಿನ ಸಂಜೆ ಬಸ್ಸಿನ ಸೀಟಿನ ಮೇಲೆ ಡಬ್ಬಿ ಬಿಟ್ಟು ಬಂದ ಅದೇ ಹೆಂಗಸು ಹೀಗೆ ಕೂಗಾಡಿದ್ದು.

"ಬೈಬ್ಯಾಡ" ಎಂದಳು ಅಕ್ಕ. "ನಾನೂ ಹಿಂಗೇ ಮಾಡಿದೀನಿ. ಎದುರುಮನೆ ಅಜ್ಜಿ, ಅವರ ಮಗ ತೀರ್ಕೊಂಡ ವರ್ಷ, ಪುಳಿಯೋಗರೆ ಕಳಿಸಿತ್ತು. ನಾನು ಎಮ್ಮೆಗೆ ಹಾಕಿದ್ದೆ. ಮಾರನೆ ದಿನ ಸಿಕ್ಕಿದಾಗ ಚೆನ್ನಾಗಿತ್ತು ಅಜ್ಜಿ ಅಂದಿದ್ದೆ. ನಮ್ಮೆಜಮಾನ್ರು ಎರಡು ದಿನ ನನ್ನ ಹತ್ರ ಮಾತಾಡಿರಲಿಲ್ಲ." ಆಮೇಲೆ ದನಿ ಸ್ವಲ್ಪ ಹಗುರ ಮಾಡಿಕೊಂಡು, "ಹೋಗ್ಲಿ ಬಿಡು. ನೀವಾದ್ರೂ ತಿಂದ್ರಲ್ಲ. ಹುಡುಗಿಗೆ ಹಿಡಿಸ್ತಾ?" ಎಂದಳು.

"ಹಿಡಿಸ್ತಾ ಅಂತ ಕೇಳ್ತೀಯಾ ಅಕ್ಕ? ಬಾಳ ಮೆತ್ತಗಿದ್ವು" ಎಂದೆ. "ಸಬ್ಬಸಿಗೆ ಘಮ್ ಅಂತಿತ್ತು. ಒಬ್ಬಳೇ ನಾಕು ತಿಂದ್ಲು."

ಲೈನು ಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಇತ್ತು.

"ನಿನ್ನ ಡಬ್ಬಿಗೆ ನುಚ್ಚಿನುಂಡೆ ಹಾಕಿರಲಿಲ್ಲ ಕಣೆ" ಎಂದಳು. "ಹೋಳಿಗೆ ಪುಡಿಗೆ ಕೊಬ್ಬರಿ, ಗಸಗಸೆ, ಬಿಸಿ ತುಪ್ಪ ಹಾಕಿ ಉಂಡೆ ಕಟ್ಟಿದ್ದೆ. ಹುಡುಗಿಗೆ ಅಂತ."

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ನಾನು ಚಿಕ್ಕವಳಿದ್ದಾಗ ಕೈಜಾರಿ ಗಡಿಗೆ ಒಡೆದರೆ ಅವ್ವನಿಗೆ ಗೊತ್ತಾಗುವ ಮುಂಚೆ ತಾನೇ ಗುಡಿಸಿ ಹಾಕುತ್ತಿದ್ದಳಲ್ಲ, ಅದೇ ದನಿಯಲ್ಲಿ ಮಾತಾಡಿದಳು.

"ಇರ್ಲಿ ಬಿಡು. ಹಡೆದೋಳಿಗೆ ಹೆದರಿಕೆ ಇದ್ದೇ ಇರ್ತದೆ. ನಾನು ಅದನ್ನ ಕಟ್ಟಿಕೊಡಬಾರದಿತ್ತು" ಎಂದಳು. "ಶುಕ್ರವಾರ ನನಗೆ ಬರಾಕೆ ಆಗಲ್ಲ. ಯಾರಾದ್ರೂ ಕೇಳಿದ್ರೆ ಮೊಣಕಾಲು ನೋವು ಐತೆ ಅಂತ ಹೇಳು."

ಬೇಡ ಅಕ್ಕ, ಬಾ ಅಕ್ಕ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎನ್ನಬೇಕಿತ್ತು. ಅದಕ್ಕೆ ನಾಲ್ಕು ದಿನ ಸಮಯವಿತ್ತು. ಹೊನ್ನಾಳಿಯಿಂದ ನ್ಯಾಮತಿ ಎಷ್ಟು ದೂರ? ದಿನಾ ಸಂಜೆ ನಾಳೆ ಹೋಗುತ್ತೇನೆ ಎಂದುಕೊಂಡೆ. ಆಫೀಸು, ಹೂವು, ಶಾಮಿಯಾನ, ಅಡುಗೆಯವರು ಎಂದು ನಾಲ್ಕು ದಿನವೂ ಕೆಲಸ ಹುಡುಕಿಕೊಂಡೆ. ಒಳಗೊಳಗೆ, ಅವಳೇ ಬೇಡವೆಂದಳಲ್ಲ ಎಂಬ ಸಮಾಧಾನವೂ ಇತ್ತು. ಅದನ್ನು ಮುಚ್ಚಿಟ್ಟು ಈ ನೆನಪು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಶುಕ್ರವಾರ ಚನ್ನಗಿರಿಯವರು ಎರಡು ಕಾರಿನಲ್ಲಿ ಬಂದರು. ಮಗಳ ತಲೆಯನ್ನು ಬ್ಯೂಟಿ ಪಾರ್ಲರಿನ ಹುಡುಗಿ ಬಾಚಿದಳು. ದೊಡ್ಡಮ್ಮ ಎಲ್ಲಿ ಎಂದು ಮಗಳು ಎರಡು ಸಲ ಕೇಳಿ, ಮೂರನೆಯ ಸಲ ಕೇಳಲಿಲ್ಲ. ಊಟಕ್ಕೆ ಕೂತಾಗ ಬೀಗಿತ್ತಿ ಸುತ್ತ ಕಣ್ಣಾಡಿಸಿ, "ನಿಮ್ಮ ಅಕ್ಕಾರು ಕಾಣ್ಲೇ ಇಲ್ಲ?" ಎಂದರು.

"ಮೊಣಕಾಲು ನೋವು ರೀ" ಎಂದೆ. ಅವರು ಪಾಪ ಎಂದು ಹೋಳಿಗೆ ಮುರಿದುಕೊಂಡರು. ನಾನು ಅವರ ಎಲೆಗೆ ತುಪ್ಪ ಬಡಿಸಿದೆ.